ಅಡಿಕೆ ಚಪ್ಪರದಲ್ಲಿ ಸಿಕ್ಸ್ತ್ ಸೆನ್ಸ್: ನನ್ನ ಅನುಭವ

ಎಂಐಟಿಯ ವಿದ್ಯಾರ್ಥಿಯಾಗಿದ್ದ ಪ್ರಣವ್ ಮಿಸ್ತ್ರಿ 2009ರಲ್ಲಿ ಮೈಸೂರಿನ ಟೆಡ್ ಇಂಡಿಯಾ ಸಮ್ಮೇಳನದಲ್ಲಿ ತೋರಿಸಿದ ಸಿಕ್ಸ್ತ್ ಸೆನ್ಸ್, ಬೆರಳಾಟದಲ್ಲೇ ನಡೆಸುವ, ಮೈಮೇಲೆ ಧರಿಸುವ ಸಾಧನ. ಕೊರಳಲ್ಲಿ ಕ್ಯಾಮೆರಾ, ಪುಟ್ಟ ಪ್ರೊಜೆಕ್ಟರ್, ಬೆರಳ ತುದಿಗೆ ನಾಲ್ಕು ಬಣ್ಣದ ಟೋಪಿ. ಕ್ಯಾಮೆರಾ ಆ ಬಣ್ಣ ನೋಡಿ ಬೆರಳನ್ನು ಗುರುತಿಸುತ್ತದೆ, ಪ್ರೊಜೆಕ್ಟರ್ ಎದುರಿಗೆ ಚಿತ್ರ ಬೀಳಿಸುತ್ತದೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅದನ್ನು ಅಡಿಕೆ ಸುಲಿತದ ಲೆಕ್ಕಕ್ಕೆ ಹಚ್ಚುತ್ತೇನೆ ಎಂದಾಗ ಯಾರೂ ನಂಬಲಿಲ್ಲ. 'ಪುಸ್ತಕ, ಪೆನ್ನಿಗೆ ಏನಾಗಿದೆ ಮಾರಾಯ?' ಎಂದರು ದೊಡ್ಡಪ್ಪ. ಈ ಸಲದ ಅಡಿಕೆ ಕೊಯ್ಲಿನ ಲೆಕ್ಕ ಪೂರ್ತಿ ಅದರಲ್ಲೇ ಆಯಿತು.

ಜಾಸ್ತಿ ಕಾಡಿದ್ದು ಬಣ್ಣ. ಮಿಸ್ತ್ರಿಯ ಕೆಂಪು, ಹಳದಿ, ಹಸಿರು, ನೀಲಿ ಲ್ಯಾಬಿಗೆ ಸರಿ. ನಮ್ಮ ಚಪ್ಪರದಲ್ಲಿ ಹಸಿರು ಟೋಪಿ ಹಸಿ ಅಡಿಕೆಯ ರಾಶಿಯಲ್ಲಿ ಕಳೆದುಹೋಯಿತು, ಹಳದಿ ಹಣ್ಣಡಿಕೆಯಲ್ಲಿ. ಕೆಂಪು ಹಾಕಿದರೆ ಚೊಗರಲ್ಲಿ, ಅಂದರೆ ಅಡಿಕೆ ಬೆಂದ ಕೆಂಪು ನೀರಲ್ಲಿ, ಬೇಯಿಸಿ ಹರವಿದ ಅಡಿಕೆಯೆಲ್ಲ ಬೆರಳೇ. ನೀಲಿ ಉಳಿಯಿತಲ್ಲ ಎಂದರೆ, ಟಾರ್ಪಾಲ್ ನೀಲಿ! ಕೊನೆಗೆ ಪೇಟೆಯಲ್ಲಿ ರಾಣಿ ಬಣ್ಣದ ಟೇಪ್ ಸಿಕ್ಕಿತು. ಓಪನ್‌ಸಿವಿ ಎಂಬ ಚಿತ್ರ ಗುರುತಿಸುವ ಸಾಫ್ಟ್‌ವೇರಿನಲ್ಲಿ ಅದರ ಹ್ಯೂ, ಅಂದರೆ ಬಣ್ಣದ ಅಂಕಿ, ಹೆಚ್ಚುಕಮ್ಮಿ 150ರಿಂದ 165ರೊಳಗೆ ಕೂರುತ್ತದೆ. ಚಪ್ಪರದಲ್ಲಿ ಬೇರೆ ಯಾವುದೂ ಅಲ್ಲಿಗೆ ಬರುವುದಿಲ್ಲ. ಕ್ಯಾಮೆರಾ ತಾನಾಗೇ ಬಣ್ಣ ಸರಿಪಡಿಸಿಕೊಳ್ಳುವ ಆಟೋ ವೈಟ್ ಬ್ಯಾಲೆನ್ಸ್ ಮಾತ್ರ ಆಫ್ ಮಾಡಲೇಬೇಕು. ಇಲ್ಲದಿದ್ದರೆ ಕರೆಂಟ್ ಹೋಗಿ ಚಾರ್ಜರ್ ಲೈಟ್ ಹಚ್ಚಿದ ಕೂಡಲೇ ಬಣ್ಣವೆಲ್ಲ ಅದಲುಬದಲು. ಎರಡು ಬೆರಳಿಗೂ ಒಂದೇ ಟೇಪ್. ಹೆಬ್ಬೆರಳು ಯಾವುದು, ತೋರುಬೆರಳು ಯಾವುದು ಎಂದು ಹೇಗೆ ಗುರುತಿಸುತ್ತೇನೆ ಎನ್ನುವುದನ್ನು ಸದ್ಯಕ್ಕೆ ಹೇಳುವುದಿಲ್ಲ.

ಕೆಲಸ ಇಷ್ಟೇ. ಸುಲಿಯುವ ಹೆಂಗಸರು ಮೆಟ್ಟುಗತ್ತಿ ಬಿಟ್ಟೆದ್ದು ಡಬ್ಬ ಅಳೆಸಲು ಬರುತ್ತಾರೆ. ಎದುರಿಗೆ ಪ್ರೊಜೆಕ್ಟರಿನಿಂದ ಅವರ ಹೆಸರು ಬಿದ್ದಿರುತ್ತದೆ. ಅದರ ಮೇಲೆ ನಾನು ಎರಡು ಬೆರಳು ಕೂಡಿಸಿದರೆ ಒಂದು ಡಬ್ಬ ಏರುತ್ತದೆ. ಲೆಕ್ಕ ಎಲ್ಲರ ಕಣ್ಣೆದುರೇ ಇರುವುದರಿಂದ ರಾತ್ರಿ ಹನ್ನೊಂದಕ್ಕೆ ಚರ್ಚೆ ಇಲ್ಲ. ನನಗೆ ಬೇಕಾಗಿದ್ದು ಅದೇ.

ದುಡ್ಡಿನ ವಿಷಯ. ಮಿಸ್ತ್ರಿಯ ಮಾದರಿಗೆ ಸುಮಾರು 350 ಡಾಲರ್ ತಗುಲಿತ್ತು, ಆಗಿನ ರೂಪಾಯಿಯಲ್ಲಿ ಹದಿನಾರು ಸಾವಿರ ಚಿಲ್ಲರೆ. ನನಗೆ ಇಪ್ಪತ್ತೆರಡು ಸಾವಿರದ ಹತ್ತಿರ ಬಿತ್ತು. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಐದು ಸಾವಿರ, ಸೆಕೆಂಡ್ ಹ್ಯಾಂಡ್ ಪಿಕೊ (ಪುಟ್ಟ) ಪ್ರೊಜೆಕ್ಟರಿಗೆ ಒಂಬತ್ತು ಸಾವಿರ, ಕ್ಯಾಮೆರಾ ಮತ್ತು ಪವರ್ ಬ್ಯಾಂಕಿಗೆ ಎರಡು ಸಾವಿರ. ಉಳಿದದ್ದು ಮಳೆಗಾಲದ ಥಂಡಿಗೆ ಬೂಸ್ಟು ಹಿಡಿದು ಹೋದ ಮೊದಲ ಪ್ರೊಜೆಕ್ಟರಿನದ್ದು. ಈಗಿನದರ ಬೆಳಕು ಬರೀ 50 ಲ್ಯೂಮೆನ್, ಹಗಲಲ್ಲಿ ದಂಡ. ಆದರೆ ನಮ್ಮ ಸುಲಿತ ರಾತ್ರಿಯದ್ದೇ ಅಲ್ವಾ!

ಮಿಸ್ತ್ರಿ ತೋರಿಸಿದ ಹಾಗೆ ಸುಮ್ನೆ ಅಂಗೈ ಮೇಲೆ ಫೋನಿನ ಅಂಕಿ ಬೀಳಿಸುವುದನ್ನೂ ಮಾಡಿ ನೋಡಿದೆ. ಅಡಿಕೆ ಕರೆ ಹಿಡಿದ ಕೈ ಮೇಲೆ ಏನೂ ಕಾಣುವುದಿಲ್ಲ. ಬಿಳಿ ಗೊಬ್ಬರದ ಚೀಲ ಬಿಚ್ಚಿ ಗೋಡೆಗೆ ಕಟ್ಟಿದೆ, ಅಕ್ಷರ ಲಕಲಕ ಹೊಳೆಯುತ್ತವೆ.

ಈಗ ಒಣಗಿದ ಅಡಿಕೆ ಆರಿಸಲು ಹಚ್ಚಿದ್ದೇನೆ. ಗೊರಬಲು ಎಂಬ ದರ್ಜೆಯ ಅಡಿಕೆ ಮೇಲೆ ಗುರುತು ಬೀಳಿಸುತ್ತಿದೆ. ಹಸ, ಬೆಟ್ಟೆ ಎಂಬ ದರ್ಜೆಗಳ ನಡುವೆ ಇನ್ನೂ ತಡವರಿಸುತ್ತದೆ. ಮುಂದಿನ ಕೊಯ್ಲಿನೊಳಗೆ ಅದನ್ನೂ ಕೂರಿಸುತ್ತೇನೆ.