ಪ್ರೀ-ಮೆಡ್‌ಗೆ ಸ್ಟೇಟ್ ಕಾಲೇಜು: ನಾನು ಹಾಕಿದ ಲೆಕ್ಕ

ಪ್ರೀ-ಮೆಡ್‌ಗೆ, ಅಂದರೆ ಮೆಡಿಕಲ್ ಸ್ಕೂಲ್‌ಗೆ ಮುಂಚಿನ ಡಿಗ್ರಿಗೆ, ನಾನು ಸರ್ಕಾರಿ ಸ್ಟೇಟ್ ಕಾಲೇಜು ಆರಿಸಿದಾಗ, ಅಮೆರಿಕದಲ್ಲಿ ಡಾಕ್ಟರ್ ಆಗಬೇಕೆಂದವರು ಐವಿ ಲೀಗ್‌ನ ಹೆಸರಾಂತ ಖಾಸಗಿ ಕಾಲೇಜು ಬಿಟ್ಟು ಇಲ್ಲಿ ಸೇರುತ್ತಾರಾ ಅಂತ ಕೇಳದವರೇ ಇರಲಿಲ್ಲ. ಈಗ ಮೆಡಿಕಲ್ ಸೀಟು ಕೈಯಲ್ಲಿದೆ, ಡಿಗ್ರಿಯ ಸಾಲ ಸೊನ್ನೆ. ಜಿಪಿಎ ಎಂದರೆ 4ಕ್ಕೆ ಲೆಕ್ಕ ಹಾಕುವ ಗ್ರೇಡ್ ಸರಾಸರಿ, ಎಂಕ್ಯಾಟ್ ಎಂದರೆ ಮೆಡಿಕಲ್ ಪ್ರವೇಶ ಪರೀಕ್ಷೆ. ಅಷ್ಟು ಸಾಕು, ನೇರ ಲೆಕ್ಕಕ್ಕೆ ಬರುತ್ತೇನೆ.

ರ್ಯಾಂಕಿಂಗ್ ನೋಡಿ ಕಟ್ಟಿದ ಮೊದಲ ಎಕ್ಸೆಲ್ ಶೀಟ್ ದಂಡವಾಯಿತು. ಎರಡನೆಯದರಲ್ಲಿ 'ನಮ್ಮಲ್ಲಿ ಶೇ. 85-90 ಮಂದಿಗೆ ಮೆಡಿಕಲ್ ಸಿಗುತ್ತದೆ' ಎಂಬ ಜಾಹೀರಾತಿನ ಅಂಕಿಗಳನ್ನು ತುಂಬಿದೆ. ಅದು ಇನ್ನೂ ಮೋಸ. ಕೆಲವು ಕಾಲೇಜುಗಳು ಜಿಪಿಎ ಕಡಿಮೆ ಇದ್ದವರಿಗೆ ಕಮಿಟಿ ಲೆಟರ್ (ಮೆಡಿಕಲ್ ಅರ್ಜಿಗೆ ಕಾಲೇಜೇ ಬರೆಯುವ ಶಿಫಾರಸು ಪತ್ರ) ಕೊಡುವುದೇ ಇಲ್ಲ. ಅರ್ಜಿ ಹಾಕುವ ಮೊದಲೇ ಜರಡಿ ಹಿಡಿದರೆ ಶೇಕಡಾವಾರು ತಾನಾಗಿ ಏರುತ್ತದೆ. ಹಾಗಾಗಿ ಕಾಲೇಜುಗಳ ಪ್ರೀ-ಹೆಲ್ತ್ ಅಡ್ವೈಸಿಂಗ್‌ಗೆ (ಮೆಡಿಕಲ್ ಸೇರುವವರಿಗೆ ಸಲಹೆ ಕೊಡುವ ಕಚೇರಿಗೆ) ಮೂರೇ ಪ್ರಶ್ನೆ ಕಳಿಸಿದೆ: ಮೊದಲ ವರ್ಷ ಪ್ರೀ-ಮೆಡ್ ಎಂದವರೆಷ್ಟು, ಲೆಟರ್ ಸಿಕ್ಕಿದವರೆಷ್ಟು, ಸೀಟು ಸಿಕ್ಕಿದವರಲ್ಲಿ ಎರಡನೇ ಸಲ ಅರ್ಜಿ ಹಾಕಿದವರೆಷ್ಟು? ಹತ್ತು-ಹನ್ನೆರಡು ಕಾಲೇಜಿಗೆ ಬರೆದೆ. ಪೂರ್ತಿ ಉತ್ತರ ಬಂದದ್ದು ಮೂರೋ ನಾಲ್ಕೋ. ಉತ್ತರ ಕೊಡದವರನ್ನು ಪಟ್ಟಿಯ ತಳಕ್ಕೆ ಇಳಿಸಿದೆ.

ಜಿಪಿಎ ವಿಷಯದಲ್ಲಿ ಜನ ಎಡವುವುದು ಹೀಗೆ. ಮೆಡಿಕಲ್ ಸ್ಕೂಲ್‌ಗಳ ಅರ್ಜಿಗಳನ್ನು ಒಟ್ಟಾಗಿ ಪಡೆಯುವ ಎಎಂಸಿಎಎಸ್ ಜೀವಶಾಸ್ತ್ರ, ರಸಾಯನ, ಭೌತ, ಗಣಿತದ ಜಿಪಿಎಯನ್ನು ಬೇರೆಯಾಗಿ ತೆಗೆಯುತ್ತದೆ. 60 ಕ್ರೆಡಿಟ್‌ನಲ್ಲಿ 56ಕ್ಕೆ 'ಎ', 4 ಕ್ರೆಡಿಟ್‌ನ ಒಂದೇ ವಿಷಯಕ್ಕೆ 'ಸಿ' ಬಂದರೆ ('ಎ'ಗೆ 4 ಅಂಕ, 'ಸಿ'ಗೆ 2) 4.0 ಇದ್ದದ್ದು 3.87. ಅದನ್ನೇ ಮತ್ತೆ ಓದಿ 'ಎ' ತಂದರೂ ಹಳೆಯ 'ಸಿ' ಅಳಿಸಿಹೋಗದು, 3.88 ಅಷ್ಟೇ. ಹೈಸ್ಕೂಲಿನಲ್ಲಿದ್ದಾಗ ಕಮ್ಯುನಿಟಿ ಕಾಲೇಜಿನಲ್ಲಿ ತೆಗೆದುಕೊಂಡ ಕೋರ್ಸಿನ ಗ್ರೇಡೂ ಇಲ್ಲಿ ಸೇರುತ್ತದೆ. ಇದನ್ನು ತಡವಾಗಿ ತಿಳಿದು ಕೈಸುಟ್ಟುಕೊಂಡವರು ಬಹಳ. ಹೈಸ್ಕೂಲಿನಲ್ಲೇ ಬರೆದ ಎಪಿ ಪರೀಕ್ಷೆಯ ಕ್ರೆಡಿಟ್ ಇದೆಯೆಂದು ಜನರಲ್ ಕೆಮಿಸ್ಟ್ರಿ ಹಾರಿಸುವುದೂ ಅಪಾಯವೇ. ಕೆಲವು ಮೆಡಿಕಲ್ ಸ್ಕೂಲ್‌ಗಳು ಅದನ್ನು ಒಪ್ಪುವುದಿಲ್ಲ, ಬದಲಿಗೆ ಮೇಲಿನ ಹಂತದ ಕೋರ್ಸ್ ಕೇಳುತ್ತವೆ.

ಇನ್ನು ದುಡ್ಡು, ನಿಜವಾದ ತಲೆನೋವು. ದೊಡ್ಡ ಹೆಸರಿನ ಖಾಸಗಿ ಕಾಲೇಜುಗಳಲ್ಲಿ ಊಟ-ವಸತಿ ಸೇರಿ ವರ್ಷದ ಪಟ್ಟಿ ಬೆಲೆ 90,000 ಡಾಲರ್ ಆಸುಪಾಸು. ನೆರವು ಕಳೆದು ನಾವು ಕಟ್ಟಬೇಕಾದದ್ದೆಷ್ಟೆಂದು ಅಂದಾಜಿಸುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಒಂದು ಅಂಕಿ ಕೊಡುತ್ತದೆ, ಆದರೆ ಸಿಎಸ್‌ಎಸ್ ಪ್ರೊಫೈಲ್ (ಕಾಲೇಜಿನ ಸ್ವಂತ ನೆರವಿಗೆ ತುಂಬುವ ಅರ್ಜಿ) ಕೇಳುವ ಕಾಲೇಜುಗಳಲ್ಲಿ ಹಲವು ಸ್ವಂತ ಮನೆಯ ಮೌಲ್ಯವನ್ನೂ ಆಸ್ತಿಗೆ ಸೇರಿಸುತ್ತವೆ. ಫೆಡರಲ್ ನೆರವಿನ ಅರ್ಜಿಯಾದ ಎಫ್‌ಎಎಫ್‌ಎಸ್‌ಎ ವಾಸದ ಮನೆಯನ್ನು ಮುಟ್ಟುವುದಿಲ್ಲ. ಸ್ಕಾಲರ್‌ಶಿಪ್ ಉಳಿಸಿಕೊಳ್ಳಲು ಎಷ್ಟು ಜಿಪಿಎ ಬೇಕೆಂದೂ ನೋಡಿ. 3.5 ಕೇಳುವ ದೊಡ್ಡ ಮೊತ್ತ ಬಿಟ್ಟು 3.0 ಕೇಳುವ ಸಣ್ಣದನ್ನು ಹಿಡಿದೆ. ಆರ್ಗ್ಯಾನಿಕ್ ಕೆಮಿಸ್ಟ್ರಿಯ ವರ್ಷ ಅದೇ ಕಾಪಾಡಿತು. 2026ರ ಜುಲೈ 1ರಿಂದ ಹೊಸಬರಿಗೆ ಗ್ರ್ಯಾಡ್ ಪ್ಲಸ್ (ಡಿಗ್ರಿ ನಂತರದ ಓದಿಗೆ ಕೊಡುವ ಫೆಡರಲ್ ಸಾಲ) ಕೂಡ ಇಲ್ಲ. ಮೆಡಿಕಲ್‌ಗೆ ಫೆಡರಲ್ ಸಾಲ ವರ್ಷಕ್ಕೆ 50,000, ಒಟ್ಟು 2 ಲಕ್ಷ ಡಾಲರಿಗೆ ನಿಂತುಬಿಡುತ್ತದೆ. ಡಿಗ್ರಿಯಲ್ಲೇ ಸಾಲ ಹೊತ್ತರೆ ಮುಂದೆ ಉಸಿರಾಡಲು ಜಾಗವಿರದು. ಸ್ಕಾಲರ್‌ಶಿಪ್ ಹೆಚ್ಚಿಸಿ ಎಂದು ಬರೆದ ಪತ್ರದಿಂದ ಇನ್ನೂ ಮೂರು ಸಾವಿರ ಚಿಲ್ಲರೆ ಸಿಕ್ಕಿತು. ಏನು ಬರೆದೆ ಅನ್ನುವುದು ನನ್ನಲ್ಲೇ ಇರಲಿ, ತಂಗಿಗೆ ಬೇಕಾಗುತ್ತದೆ.

ಸುಮ್ಮನೆ ಕುತೂಹಲಕ್ಕೆ ಇನ್ನೊಂದು ಮಾಡಿದೆ. ರಿಜಿಸ್ಟ್ರೇಷನ್ ವಾರದಲ್ಲಿ ಐದಾರು ಕಾಲೇಜುಗಳ ಸಾರ್ವಜನಿಕ ಕೋರ್ಸ್ ಪಟ್ಟಿ ತೆರೆದು, ಆರ್ಗ್ಯಾನಿಕ್ ಲ್ಯಾಬ್ ಸೀಟು ಎಷ್ಟು ದಿನಕ್ಕೆ ತುಂಬುತ್ತದೆಂದು ಬರೆದಿಟ್ಟೆ. ಒಂದು ಕಡೆ ಎರಡೇ ದಿನ. ಲ್ಯಾಬ್ ಒಂದು ಸೆಮಿಸ್ಟರ್ ತಪ್ಪಿದರೆ ಬಯೋಕೆಮಿಸ್ಟ್ರಿ ಹಿಂದೆ ಬೀಳುತ್ತದೆ, ಅದರ ಹಿಂದೆ ಎಂಕ್ಯಾಟ್, ಆಮೇಲೆ ಇಡೀ ಅರ್ಜಿಯೇ ವರ್ಷ ಮುಂದಕ್ಕೆ. ಆನರ್ಸ್ ಕಾಲೇಜಿನವರಿಗೆ (ಒಳ್ಳೆಯ ಅಂಕದವರಿಗೆಂದೇ ಕಾಲೇಜಿನೊಳಗಿರುವ ವಿಭಾಗದವರಿಗೆ) ಮೊದಲೇ ರಿಜಿಸ್ಟ್ರೇಷನ್ ತೆರೆಯುವ ಕಾಲೇಜಾದರೆ ಈ ಕಾಟ ಇಲ್ಲ. ನಾನು ಆನರ್ಸ್ ಸೇರಿದ್ದು ಅದಕ್ಕೇ, ಹಾಸ್ಟೆಲ್ ಚೆನ್ನಾಗಿದೆಯೆಂದಲ್ಲ. ಕಾಲೇಜುಗಳು ತಾವೇ ಪ್ರಕಟಿಸುವ ಅಂಕಿಅಂಶಗಳ ಪಟ್ಟಿ, ಕಾಮನ್ ಡೇಟಾ ಸೆಟ್‌ನ 'ಐ' ವಿಭಾಗದಲ್ಲಿ ತರಗತಿ ಗಾತ್ರವೂ ಸಿಗುತ್ತದೆ.

ಆಸ್ಪತ್ರೆ ನಡೆದು ಹೋಗುವಷ್ಟು ಹತ್ತಿರ ಇರಲಿ. ಕಾರಿಲ್ಲದೆ ಬಸ್ಸಿನಲ್ಲಿ 50 ನಿಮಿಷವಾದರೆ ಮೆಡಿಕಲ್ ಅರ್ಜಿಗೆಂದು ಆಸ್ಪತ್ರೆಯಲ್ಲಿ ಮಾಡುವ ವಾಲಂಟಿಯರ್ ಕೆಲಸ ಎರಡನೇ ತಿಂಗಳಿಗೇ ನಿಲ್ಲುತ್ತದೆ.

ಎಚ್-4 ವೀಸಾದ (ಎಚ್-1ಬಿ ಉದ್ಯೋಗಿಗಳ ಕುಟುಂಬಕ್ಕೆ ಸಿಗುವ ವೀಸಾ) ಮಕ್ಕಳಿರುವ ಮನೆಯವರು ಮಾತ್ರ ಇದೆಲ್ಲಕ್ಕೂ ಮೊದಲು ಬೇರೆ ಪಟ್ಟಿ ಮಾಡಬೇಕು: ಗ್ರೀನ್ ಕಾರ್ಡ್ ಇಲ್ಲದವರನ್ನು ತೆಗೆದುಕೊಳ್ಳುವ ಮೆಡಿಕಲ್ ಸ್ಕೂಲ್‌ಗಳು ಕಡಿಮೆ, ಫೆಡರಲ್ ಸಾಲ ಸಿಗದು, 21 ತುಂಬಿದರೆ ಎಚ್-4 ಕೂಡ ಮುಗಿಯುತ್ತದೆ.