ಹೆಣ್ಣಿಲಿಯ ನಾಲ್ಕು ದಿನ

ಧಾರವಾಡದಲ್ಲಿ ಪಿಎಚ್.ಡಿ.ಗೆ ಸೇರಿದ ಹೊಸತರಲ್ಲಿ ಹಿರಿಯರೊಬ್ಬರು ಹೇಳಿದ್ದರು: “ಹೆಣ್ಣಿಲಿ ಬ್ಯಾಡ ತಂಗಿ, ಗಂಡಿಲಿ ತಗೋ. ಹೆಣ್ಣು ದಿನಕ್ಕೊಂದು ನಮೂನಿ ಇರ್ತಾವ, ಲೆಕ್ಕ ಹತ್ತೂದಿಲ್ಲ.” ನಾನು ಅಭ್ಯಾಸಕ್ಕೆ ಆರಿಸಿಕೊಂಡದ್ದು ಆತಂಕ. ಅದರ ತೊಂದರೆ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು. ಅದರ ಮದ್ದನ್ನು ಗಂಡಿಲಿಗಳಲ್ಲಷ್ಟೇ ನೋಡುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ. ಹೆಣ್ಣಿಲಿಗಳನ್ನೇ ತಗೊಂಡೆ.

ಹುಬ್ಬಳ್ಳಿಯ ಬಡಿಗೇರರೊಬ್ಬರು ಪ್ಲೈವುಡ್‌ನಲ್ಲಿ ಪ್ಲಸ್ ಮೇಜ್ (maze), ಅಂದರೆ ಇಲಿಯ ಅಂಜಿಕೆ ಅಳೆಯುವ, ಕೂಡು ಗುರುತಿನ ಆಕಾರದ ಓಡಾಟದ ಹಾದಿ, ಮಾಡಿಕೊಟ್ಟರು. ನೆಲದಿಂದ 50 ಸೆಂ.ಮೀ. ಎತ್ತರ, ನಾಲ್ಕು ತೋಳು. ಎರಡಕ್ಕೆ ಗೋಡೆ ಉಂಟು, ಎರಡು ಬಯಲು. ಐದು ನಿಮಿಷ ಬಿಟ್ಟರೆ ಅಂಜಿದ ಇಲಿ ಗೋಡೆಯ ಮರೆ ಬಿಡುವುದಿಲ್ಲ, ಧೈರ್ಯ ಬಂದದ್ದು ಬಯಲ ತೋಳಿಗೆ ಹೋಗುತ್ತದೆ. ಮೊದಲ ತಿಂಗಳ ಲೆಕ್ಕ ಚೆಲ್ಲಾಪಿಲ್ಲಿ. ಸೋಮವಾರ ಮೂಲೆ ಹಿಡಿದು ಕೂತ ಇಲಿಯೇ ಬುಧವಾರ ತೋಳಿನ ತುದಿಗೆ ಹೋಗಿ ಕೆಳಗೆ ಇಣುಕುತ್ತಿತ್ತು.

ಇಲಿಯ ಋತುಚಕ್ರ ನಾಲ್ಕೈದು ದಿನದ್ದು. ಡ್ರಾಪರ್‌ನಲ್ಲಿ ಒಂದೆರಡು ಹನಿ ಸಲೈನ್ ಬಿಟ್ಟು ಯೋನಿಯಿಂದ ಮರಳಿ ಎಳೆದು, ಸ್ಲೈಡಿನ ಮೇಲೆ ಹರಡಿ (ಇದೇ ಸ್ಮಿಯರ್) ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಚಕ್ರದ ಯಾವ ದಿನವೆಂದು ತಿಳಿಯುತ್ತದೆ. ದುಂಡನೆಯ, ಕೋಶಕೇಂದ್ರ ಎದ್ದು ಕಾಣುವ ಕಣಗಳಿದ್ದರೆ ಪ್ರೊಈಸ್ಟ್ರಸ್, ಅಂದರೆ ಬೆದೆಗೆ ಮುಂಚಿನ ಹಂತ. ಪೇಪರ್ ಅವಲಕ್ಕಿಯಂಥ ಚಕ್ಕೆಗಳಿದ್ದರೆ ಈಸ್ಟ್ರಸ್, ಬೆದೆಯ ಹಂತ. ಗಸಗಸೆ ಚೆಲ್ಲಿದಂತೆ ಬಿಳಿ ರಕ್ತಕಣಗಳಿದ್ದರೆ ಡೈಈಸ್ಟ್ರಸ್, ಎರಡು ಬೆದೆಗಳ ನಡುವಿನ ಹಂತ. ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್ ಉತ್ತುಂಗಕ್ಕೇರುವುದು ಪ್ರೊಈಸ್ಟ್ರಸ್‌ನಲ್ಲಿ. ಬಯಲಿಗೆ ಹೋದವು ಹೆಚ್ಚಾಗಿ ಆ ದಿನದವೇ.

ಇಲ್ಲೊಂದು ತಪ್ಪು ಮಾಡಿದ್ದೆ. ಬೆಳಿಗ್ಗೆ ಸ್ಮಿಯರ್ ತೆಗೆದು ಆಮೇಲೆ ಮೇಜ್‌ಗೆ ಬಿಡುತ್ತಿದ್ದೆ. ಹಿಡಿದು, ಮಗುಚಿ, ಡ್ರಾಪರ್ ತೂರಿಸಿದ ಅಂಜಿಕೆಯೇ ಪರೀಕ್ಷೆಯೊಳಗೆ ಸೇರಿಬಿಡುತ್ತಿತ್ತು. ಆಮೇಲೆ ಮೊದಲು ಪರೀಕ್ಷೆ, ನಂತರ ಸ್ಮಿಯರ್ ಎಂದು ಬದಲಿಸಿದೆ.

ಆದರೆ ಪ್ರೊಈಸ್ಟ್ರಸ್‌ನಲ್ಲಿ ಇನ್ನೊಂದು ಹೆಣ್ಣು ಹಾರ್ಮೋನು ಪ್ರೊಜೆಸ್ಟರಾನ್ ಕೂಡ ಏರುತ್ತದೆ. ಧೈರ್ಯ ಯಾವುದರದು? ಹಾಗಾಗಿ ಅನುಮತಿ ಪಡೆದು ಕೆಲವು ಇಲಿಗಳಲ್ಲಿ ಇವೆರಡನ್ನೂ ತಯಾರಿಸುವ ಅಂಡಾಶಯ ತೆಗೆದು, ಅರ್ಧಕ್ಕೆ ಎಳ್ಳೆಣ್ಣೆಯಲ್ಲಿ ಕರಗಿಸಿದ ಎಸ್ಟ್ರಾಡಿಯಾಲ್ (ಈಸ್ಟ್ರೋಜನ್‌ನ ಒಂದು ರೂಪ), ಉಳಿದವಕ್ಕೆ ಬರೀ ಎಳ್ಳೆಣ್ಣೆ ಕೊಟ್ಟೆ. ಒಂದೇ ಇಂಜೆಕ್ಷನ್‌ಗೆ ನನಗೆ ವ್ಯತ್ಯಾಸ ಕಾಣಲಿಲ್ಲ. ಕೆಲವು ದಿನ ಕೊಟ್ಟ ಮೇಲೆ ಕಂಡಿತು: ಎಸ್ಟ್ರಾಡಿಯಾಲ್ ಪಡೆದವು ಬಯಲ ತೋಳಿಗೆ ಹೆಚ್ಚು ಹೋದವು. ಗೋಡೆಯಿರುವ ತೋಳುಗಳಿಗೆ ಹೋಗಿಬಂದ ಲೆಕ್ಕ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಇತ್ತು. ಅಂದರೆ ಇಲಿ ಬರೀ ಹೆಚ್ಚು ಓಡಾಡಿದ್ದಲ್ಲ, ಅಂಜಿಕೆಯೇ ಇಳಿದಿತ್ತು. ಆ ಕಾಲಂ ಕೂಡಿಸಿದ ಸಂಜೆ ನನಗೆ ಆದ ಸಂತೋಷ ಇನ್ನೂ ನೆನಪಿದೆ.

ದಿನಗಳು ಬೇಕಾದದ್ದಕ್ಕೆ ಸಿರೊಟೋನಿನ್, ಅಂದರೆ ಮನಸ್ಥಿತಿಯ ಮೇಲೆ ಪರಿಣಾಮ ಬೀರುವ ಮಿದುಳಿನ ರಾಸಾಯನಿಕ, ಒಂದು ಕಾರಣವಿರಬೇಕು. ಮಿದುಳಿಗೆ ಸಿರೊಟೋನಿನ್ ಕಳಿಸುವ, ಮಿದುಳುಕಾಂಡದ ರಾಫೆ ನರಕೋಶಗಳಲ್ಲಿ ಈಸ್ಟ್ರೋಜನ್‌ನ ಬೀಟಾ ಗ್ರಾಹಕ (ಹಾರ್ಮೋನು ಬಂದು ಕೂರುವ ಪ್ರೋಟೀನ್) ಇದೆ. ಇಲಿಯಲ್ಲಿ ಈ ಗ್ರಾಹಕದ ಗುರುತು ಸಿಕ್ಕಿದ್ದೇ 1996ರಲ್ಲಿ. ಅದರ ಮೂಲಕ ಟ್ರಿಪ್ಟೊಫಾನ್ ಹೈಡ್ರಾಕ್ಸಿಲೇಸ್ ಎಂಬ ಕಿಣ್ವದ ಜೀನ್ ಚುರುಕಾಗುತ್ತದೆ, ಸಿರೊಟೋನಿನ್ ತಯಾರಿ ಹೆಚ್ಚುತ್ತದೆ. ಹೊಸ ಕಿಣ್ವ ಕೂಡಿಕೊಳ್ಳಲು ಹೊತ್ತು ಬೇಕು. ಈಸ್ಟ್ರೋಜನ್‌ನ ಇನ್ನೊಂದು ಗ್ರಾಹಕ ಆಲ್ಫಾದ ಕತೆ ಬೇರೆ. ಅದನ್ನಷ್ಟೇ ಕೆರಳಿಸಿದರೆ ಅಂಜಿಕೆ ಇಳಿಯುವುದಿಲ್ಲ, ಕೆಲವು ಪ್ರಯೋಗಗಳಲ್ಲಿ ಏರಿದ್ದೂ ಇದೆ. ಬೇರೆ ಬೇರೆ ಲ್ಯಾಬ್‌ಗಳ ಫಲಿತಾಂಶ ಜಗಳವಾಡುವುದು ಬಹುಶಃ ಇದರಿಂದ, ಡೋಸಿನಿಂದ, ದಿನಗಳ ಲೆಕ್ಕದಿಂದ.

ಈಗ ಹೊಸ ವಿದ್ಯಾರ್ಥಿಗಳು ಬಂದರೆ ಮೊದಲು ಹತ್ತು ದಿನ ಇಲಿಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂರಲು ಹೇಳುತ್ತೇನೆ. ಕೈಯಲ್ಲಿದ್ದಾಗಲೇ ಇಲಿ ಅಂಜಿಕೆ ಬಿಟ್ಟು ಮುಂಗಾಲಿಂದ ಮುಖ ಒರೆಸಿಕೊಳ್ಳತೊಡಗಿದರೆ, ಮರುದಿನ ಮೇಜ್‌ಗೆ.