ಪೊಸಿಷನರ್ ಆಟೋ ಕ್ಯಾಲಿಬ್ರೇಷನ್ ಅರ್ಧಕ್ಕೇ ನಿಂತಾಗ

ಸಿಗ್ನಲ್‌ಗೆ ತಕ್ಕಷ್ಟು ಕಂಟ್ರೋಲ್ ವಾಲ್ವನ್ನು ಗಾಳಿಯಿಂದ ತೆರೆದು ಮುಚ್ಚಿಸುವ ಸಾಧನ ಪೊಸಿಷನರ್; ಆಟೋ ಕ್ಯಾಲಿಬ್ರೇಷನ್‌ನಲ್ಲಿ ಅದು ವಾಲ್ವ್ ಚಲನೆಯ ಎರಡೂ ತುದಿಗಳನ್ನು ತಾನೇ ಗುರುತಿಸಿಕೊಳ್ಳುತ್ತದೆ. ಇಲ್ಲಿ ವಾಲ್ವ್ ಪೂರ್ತಿ ತೆರೆಯುತ್ತಿತ್ತು, ಮುಚ್ಚುವಾಗ ಟ್ರಾವೆಲ್ ಎರರ್ (ಚಲನೆಯ ಅಳತೆಯ ದೋಷ) ಬಂದು ಕ್ಯಾಲಿಬ್ರೇಷನ್ ನಿಲ್ಲುತ್ತಿತ್ತು. ಇಂಥಲ್ಲಿ ಪೊಸಿಷನರನ್ನೇ ಬದಲಿಸಲು ಹೊರಡುವವರೇ ಹೆಚ್ಚು. ದೋಷ ಬಹುಪಾಲು ಹೊರಗಿನ ಜೋಡಣೆಯದ್ದು.

ಲೈನ್ ಐಸೊಲೇಟ್ ಮಾಡಿಸಿ ಮೊದಲು ಗಾಳಿ ನೋಡಿದೆ. ವಾಲ್ವ್ ನಿಂತಿದ್ದಾಗ ಗೇಜ್ ಸರಿಯಿತ್ತು, ಚಲಿಸುವಾಗ ಒತ್ತಡ ಕುಸಿಯುತ್ತಿತ್ತು. ರೆಗ್ಯುಲೇಟರಿನ ಫಿಲ್ಟರ್ ಕಟ್ಟಿಕೊಂಡಿತ್ತು. ಅದನ್ನು ಬದಲಿಸಿ, 0.2–1.0 ಬಾರ್ ಸ್ಪ್ರಿಂಗ್‌ನ ಆಕ್ಚುಯೇಟರಿಗೆ (ಗಾಳಿಯ ಒತ್ತಡದಿಂದ ವಾಲ್ವನ್ನು ಚಲಿಸುವ ಭಾಗ) 1.4 ಬಾರ್ ಇಟ್ಟೆ. ಚಲನೆ ಚುರುಕಾಯಿತು, ಎರರ್ ಹೋಗಲಿಲ್ಲ.

ಅಸಲಿ ಕಾರಣ ಫೀಡ್‌ಬ್ಯಾಕ್ ಲಿವರ್, ಅಂದರೆ ವಾಲ್ವ್ ಚಲನೆಯನ್ನು ಪೊಸಿಷನರಿನ ಸೆನ್ಸರಿಗೆ ತಲುಪಿಸುವ ತೋಳು. ವಾಲ್ವ್‌ನ ಸ್ಟ್ರೋಕ್ (ಒಟ್ಟು ಚಲನೆ) 40 ಮಿ.ಮೀ., ಲಿವರಿನ ಪಿನ್ ಇದ್ದದ್ದು 20 ಮಿ.ಮೀ. ಸ್ಟ್ರೋಕಿನ ತೂತಿನಲ್ಲಿ. ಪಿನ್ ತಿರುಗುಬಿಂದುವಿಗೆ ಹತ್ತಿರವಾದಷ್ಟೂ ಕೋನ ಹಿಗ್ಗುತ್ತದೆ. ಮೇಲಾಗಿ ಬ್ರಾಕೆಟ್ ಒಂದು ಬದಿಗೆ ಸರಿದಿದ್ದರಿಂದ ಮುಚ್ಚುವ ತುದಿಯಲ್ಲಿ ಸೆನ್ಸರ್ ಮಿತಿ ದಾಟುತ್ತಿತ್ತು. ಪಿನ್ನನ್ನು 40ಕ್ಕೆ ಹಾಕಿ, ಮ್ಯಾನುಯಲ್ ಮೋಡಿನಲ್ಲಿ ಸ್ಟೆಮ್ (ವಾಲ್ವಿನ ದಂಡ) ಅನ್ನು ಸ್ಕೇಲಿನ ಅರ್ಧಕ್ಕೆ ತಂದು, ಲಿವರ್ ಸ್ಟೆಮ್‌ಗೆ 90 ಡಿಗ್ರಿ ಆಗುವಂತೆ ಬ್ರಾಕೆಟ್ ಬಿಗಿದೆ. ಕ್ಯಾಲಿಬ್ರೇಷನ್ ಪೂರ್ತಿಯಾಯಿತು.

ಡಿಸ್‌ಪ್ಲೇಯನ್ನಷ್ಟೇ ನಂಬಬೇಡಿ. 4, 8, 12, 16, 20 ಮಿಲಿಆಂಪಿಯರ್ ಕೊಟ್ಟು, ಏರಿಸುತ್ತ ಮತ್ತು ಇಳಿಸುತ್ತ ಸ್ಕೇಲನ್ನೇ ಓದಿ. ಎರಡು ಓದುಗಳ ನಡುವೆ ದೊಡ್ಡ ಅಂತರ ಉಳಿದರೆ ಗೇನ್ (ಪೊಸಿಷನರ್ ಎಷ್ಟು ಚುರುಕಾಗಿ ಪ್ರತಿಕ್ರಿಯಿಸಬೇಕೆಂಬ ಸೆಟ್ಟಿಂಗ್) ಮುಟ್ಟುವ ಮೊದಲು ಸ್ಟೆಮ್ ಸುತ್ತ ಸೋರಿಕೆ ತಡೆಯುವ ಗ್ಲ್ಯಾಂಡ್ ಪ್ಯಾಕಿಂಗ್‌ನ ಬಿಗಿ, ಲಿವರ್ ಸಡಿಲ ನೋಡಿ.